ಅಡುಗೆಮನೆಯ ಚಾರ್ಜ್

ಇಂಗ್ಲಿಷ್ ಶಬ್ದಗಳಲ್ಲಿ ಕೆಲವು ನೆಂಟರ ಹಾಗೆ ನಮ್ಮ ಮನೆಗೆ ಬಂದು ಹೋಗುತ್ತವೆ. ಕೆಲವು ಬಂದವು ಇಲ್ಲಿಯೇ ಠಿಕಾಣಿ ಹೂಡುತ್ತವೆ. ‘ಚಾರ್ಜ್’ ಎರಡನೆಯ ಜಾತಿಯದು. ಚಿಕ್ಕವಳಿದ್ದಾಗ ನನಗೆ ಗೊತ್ತಿದ್ದದ್ದು ಬಸ್ ಚಾರ್ಜ್ ಒಂದೇ. ಪತ್ರಿಕೆ ಓದತೊಡಗಿದ ಮೇಲೆ ಲಾಠಿ ಚಾರ್ಜಿನ ಪರಿಚಯವಾಯಿತು. ಟಿಕೀಟಿಗೂ ಲಾಠಿಗೂ ಒಂದೇ ಶಬ್ದ ಹೇಗೆ ಸಾಲುತ್ತದೆ ಎಂದು ಅಪ್ಪನನ್ನು ಕೇಳಿದರೆ, “ಇಂಗ್ಲಿಷರು ಭಾಳ ಕಂಜೂಸ್ ಮಂದಿ, ಶಬ್ದ ಉಳಸ್ತಾರ” ಎಂದಿದ್ದರು. ಈಗ ಮೊಬೈಲಿಗೂ ಅದೇ ಶಬ್ದ ಸಾಕಾಗಿದೆ ಎಂದಮೇಲೆ ಅಪ್ಪ ಹೇಳಿದ್ದು ನಿಜವೇ ಇರಬೇಕು.

ಆ ಶಬ್ದದ ವಿಶ್ವರೂಪ ಕಂಡದ್ದು ನಾಂಪಲ್ಲಿಯ ಸರಕಾರಿ ಕಚೇರಿಯೊಂದರಲ್ಲಿ ನೌಕರಿ ಸಿಕ್ಕ ಮೇಲೆ. ಅಲ್ಲಿ ತಪ್ಪು ಮಾಡಿದವರಿಗೆ ಚಾರ್ಜ್ ಮೆಮೊ. ಸಾಹೇಬರು ರಜೆಯ ಮೇಲೆ ಹೋದರೆ ಪಕ್ಕದ ಕೋಣೆಯ ಸಾಹೇಬರು ಇನ್‌ಚಾರ್ಜ್. ಯಾರಿಗಾದರೂ ವರ್ಗವಾದರೆ ಹೋಗುವವರು ಚಾರ್ಜ್ ಕೊಡಬೇಕು, ಬಂದವರು ತೆಗೆದುಕೊಳ್ಳಬೇಕು. ಅದಕ್ಕೊಂದು ಪಟ್ಟಿ: ಕಪಾಟು, ಬೀಗ, ಸ್ಟೇಪ್ಲರ್, ಕಾಲು ಮುರಿದ ಕುರ್ಚಿ. ಎಲ್ಲವನ್ನೂ ಎಣಿಸಿ ಇಬ್ಬರೂ ಸಹಿ ಹಾಕುವ ತನಕ ಇವರು ಹೋಗುವ ಹಾಗಿಲ್ಲ, ಅವರು ಕೂರುವ ಹಾಗಿಲ್ಲ. ಒಮ್ಮೆ ಪಟ್ಟಿಯಲ್ಲಿದ್ದ ನೀರಿನ ಹೂಜಿಯೊಂದು ಸಿಗದೆ ಒಬ್ಬ ಸಾಹೇಬರು ಮೂರು ದಿನ ನಮ್ಮಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಕಡೆಗೆ ಅದು ಹಳೆಯ ಫೈಲುಗಳ ಕೋಣೆಯಲ್ಲಿ ಸಿಕ್ಕಿತು. ಅದರೊಳಗೆ ಅಂಟು ಕಲಸಿಟ್ಟಿದ್ದರು. ಇಂಥ ಪಟ್ಟಿಗಳನ್ನು ತಯಾರಿಸುವುದೇ ನನ್ನ ಕೆಲಸ. ಈ ಹೆಮ್ಮೆಯೇ ನನಗೆ ಮುಳುವಾಯಿತು.

ನಮ್ಮ ಮನೆ ಕಾಚಿಗೂಡದಲ್ಲಿ. ಮೊಬೈಲು ಬರುವ ಮೊದಲಿನ ಆ ದಿನಗಳಲ್ಲಿ, ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ಅಡುಗೆಮನೆ ಅತ್ತೆಯವರದೇ. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು ನನ್ನ ಪಾಲಿನ ಕೆಲಸ. ಒಗ್ಗರಣೆ ಸೌಟು ಮಾತ್ರ ಅವರ ಕೈ ಬಿಟ್ಟು ಬಂದದ್ದಿಲ್ಲ. ನನಗೂ ಒಂದು ಒಲೆ, ನನ್ನದೇ ಒಂದು ಸಾರು ಬೇಡವೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅಂಥದರಲ್ಲಿ ಬೆಂಗಳೂರಿನ ನಾದಿನಿಯ ಎರಡನೆಯ ಬಾಣಂತನಕ್ಕೆ ಅತ್ತೆ ಎರಡು ತಿಂಗಳ ಮಟ್ಟಿಗೆ ಹೊರಟು ನಿಂತರು. ನನ್ನ ಸಂತೋಷವನ್ನು ಮುಚ್ಚಿಡಲು ಪಟ್ಟ ಪಾಡು ನನಗೇ ಗೊತ್ತು.

ಹೊರಡುವ ಹಿಂದಿನ ದಿನ, ಕಚೇರಿಯ ಬುದ್ಧಿ ತಲೆಗೇರಿ, ಕಾರ್ಬನ್ ಕಾಗದ ಇಟ್ಟು ಎರಡು ಪ್ರತಿಗಳಲ್ಲಿ ಪಟ್ಟಿ ಬರೆದೆ. ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ, ಡಬ್ಬಿ ಒಂದು. ಉಪ್ಪಿನಕಾಯಿ ಭರಣಿ ಎರಡು. ಒಗ್ಗರಣೆ ಸೌಟು ಒಂದು, ಹಿಡಿಕೆ ಸಡಿಲ. ಮೊಸರಿನ ಗಡಿಗೆ, ಸುಸ್ಥಿತಿಯಲ್ಲಿ. ಅತ್ತೆ ಚಾಳೀಸು ಹಾಕಿಕೊಂಡು ಓದಿದರು.

“ಏನವಾ ಇದು?”

“ಚಾರ್ಜ್ ಲಿಸ್ಟ್ ರಿ ಅತ್ತೀ. ನೀವು ಬರೂತನಾ ಎಲ್ಲಾ ಇದ್ದಂಗ ಇರ್ಲಿ ಅಂತ. ಇಲ್ಲೊಂದು ಸಹಿ ಮಾಡ್ರಿ.”

“ಅಂದ್ರ ನನ್ನ ರಿಟೈರ್ ಮಾಡಾಕತ್ತೀ ಅನ್ನು” ಎಂದರು. ನಾನು ಏನಾದರೂ ಹೇಳುವಷ್ಟರಲ್ಲಿ ಗುಂಡಗಿನ ಅಕ್ಷರಗಳಲ್ಲಿ ಸಹಿ ಮಾಡಿ, ಒಂದು ಪ್ರತಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಸೊಂಟದ ಬೀಗದಕೈ ಗೊಂಚಲನ್ನು ನನ್ನ ಮುಂದೆ ಇಟ್ಟರು.

ಸಾಮಾನ್ಯವಾಗಿ ಅವರ ಸೂಚನೆಗಳು ರೈಲು ಕದಲಿದ ಮೇಲೂ ಕಿಟಕಿಯಿಂದ ಬರುತ್ತಿರುತ್ತವೆ. ಈ ಸಲ ಕಾಚಿಗೂಡ ಸ್ಟೇಷನ್ನಿನಲ್ಲಿ “ಆರಾಮ ಇರ್ರಿ” ಎಂದಷ್ಟೇ ಹೇಳಿದರು. ಮನೆಗೆ ಬರುವಾಗ ನನ್ನ ಯಜಮಾನರು ಹೇಳಿದರು: “ಮೂವತ್ತು ವರ್ಷ ಅವ್ವ ನಡಸಿದ ಮನಿ ಅದು. ಕೈಯಾಗ ಕಾಗದಾ ಕೊಟ್ಟು ಸಹಿ ಮಾಡು ಅಂದ್ರ ಅಕಿಗೆ ಹೆಂಗ ಅನಸ್ತಿರಬೇಕು?” ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರನ್ನು ನೋಯಿಸಬೇಕೆಂದು ಖಂಡಿತ ಬರೆದಿರಲಿಲ್ಲ. ಆದರೆ ಬೀಗದಕೈ ಸಿಗಲಿ ಎಂಬ ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು.

ಸ್ವಾತಂತ್ರ್ಯ ಬಂತು, ಅಡುಗೆ ಬರಲಿಲ್ಲ. ನನ್ನ ಜೋಳದ ರೊಟ್ಟಿ ಬೀದರ ಜಿಲ್ಲೆಯ ನಕಾಶೆಯ ಹಾಗೆ ಆಗುತ್ತಿತ್ತು. ಗಡಿಗೆ ಸುಸ್ಥಿತಿಯಲ್ಲೇ ಇತ್ತು, ಅದರೊಳಗಿನ ಮೊಸರು ಮಾತ್ರ ಹೆಪ್ಪುಗಟ್ಟಲಿಲ್ಲ. ಹಾಲು ದಿನಾ ಉಕ್ಕಿತು. ಯಜಮಾನರು ಇದ್ದದ್ದನ್ನು ಉಂಡು, ಕಚೇರಿಗೆ ಬೇಗ ಹೋಗತೊಡಗಿದರು. ಭಾನುವಾರ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರೆ ಅತ್ತೆ, “ಕೂಸು ಆರಾಮ ಐತಿ, ಬಾಣಂತಿನೂ ಆರಾಮ. ಫೋನ್ ಇಡ್ಲಾ ಹಂಗಾರ?” ಎನ್ನುತ್ತಿದ್ದರು. ಭರಣಿಯಲ್ಲಿ ಕೈಯಾಡಿಸಿದೆಯಾ ಎಂದು ಒಮ್ಮೆಯೂ ಕೇಳಲಿಲ್ಲ. ಹನ್ನೊಂದು ವರ್ಷ ಯಾವ ಪ್ರಶ್ನೆಗೆ ಸಿಡಿಮಿಡಿಗೊಂಡಿದ್ದೆನೋ ಅದನ್ನೇ ಕಾಯುತ್ತ ಬೂತಿನಲ್ಲಿ ನಿಂತಿರುತ್ತಿದ್ದೆ. ಅವರು ಬೆಂಗಳೂರಿನಲ್ಲೇ ಉಳಿದುಬಿಟ್ಟರೆ ಎಂಬ ಹೆದರಿಕೆಯೂ ಶುರುವಾಯಿತು.

ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಸ್ನಾನ ಮುಗಿಸಿ, ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕುಳಿತು, ಚೀಲದಿಂದ ಪಟ್ಟಿ ತೆಗೆದರು. “ತೋರಸು ಒಂದೊಂದ.” ಡಬ್ಬಿ, ಭರಣಿ, ಗಡಿಗೆ ಎಲ್ಲವೂ ಹಾಜರಾದವು. ಸೌಟಿನ ಸರದಿ ಬಂದಾಗ ತಡೆದರು.

“ಹಿಡಿಕಿ ಸಡಿಲ ಅಂತ ಬರದಿ. ಗಟ್ಟಿ ಆಗೇತಲ್ಲ?”

“ಬೇಗಂ ಬಜಾರದಾಗ ರಿಪೇರಿ ಮಾಡಿಸೀನ್ರಿ.”

“ನಾ ಐದು ವರ್ಷದಿಂದ ಅದಕ್ಕ ಬೈಕೋತ ಕುಂತಿದ್ದೆ” ಎಂದು ಮೊದಲ ಸಲ ನಕ್ಕರು. ಆಮೇಲೆ ಕಾಗದವನ್ನು ಮಗುಚಿ ನನ್ನ ಕೈಗಿಟ್ಟರು. ಹಿಂಬದಿಯಲ್ಲಿ ಅವರದೇ ಗುಂಡಗಿನ ಅಕ್ಷರಗಳು ಅಂಚಿನ ತನಕ ತುಂಬಿದ್ದವು.

“ಅಲ್ಲೆ ಕೂಸು ಮಲಗಿದಾಗ ಕುಂತು ಬರದೆ. ಮೊದಲ ಸಿಟ್ಟು ಬಂದಿತ್ತು, ಸುಳ್ಳ್ಯಾಕ ಹೇಳ್ಲಿ. ಆಮ್ಯಾಲ ನೋಡಿದ್ರ ನಿನ್ನ ಲಿಸ್ಟ್ ಅರ್ಧಾ ಐತಿ. ಬರೇ ಡಬ್ಬಿ ಚಾರ್ಜ್ ತಗೊಂಡ್ರ ಮನಿ ನಡೀತೈತೇನು?”

ಓದಿದೆ. ‘ಎಡಗಡಿ ಒಲಿ ಜೋರು, ಹಾಲು ಬಲಗಡಿ ಇಡೂದು.’ ‘ಚಳಿಗಾಲಕ್ಕ ಹೆಪ್ಪು ಎರಡು ಚಮಚ, ಗಡಿಗಿಗೆ ಟವಲ್ ಸುತ್ತೂದು.’ ‘ನನ್ನ ಮಗಾ ಬದನಿಕಾಯಿ ಒಲ್ಲೆ ಅಂತಾನ, ಎಣ್ಣಿಗಾಯಿ ಮಾಡಿದ್ರ ಸುಮ್ಮನ ತಿಂತಾನ.’ ಅದರ ಕೆಳಗೆ: ‘ಸುಮಾಗ ಆಫೀಸಿನಿಂದ ಬಂದಕೂಡ್ಲೆ ಚಹಾ ಬೇಕು. ತಡ ಆದ್ರ ತಲಿ ನೋಯ್ತೈತಿ, ಹೇಳೂದಿಲ್ಲ.’ ಸುಮಾ ಎಂದರೆ ನಾನೇ. ನಾನು ಬರುವ ಹೊತ್ತಿಗೆ ಚಹಾ ಕುದಿಯುತ್ತಿರುವುದು ನನ್ನ ಅದೃಷ್ಟ ಎಂದುಕೊಂಡಿದ್ದೆ. ಅಕ್ಷರಗಳು ಮಂಜಾದವು. “ತಪ್ಪಾತ್ರಿ ಅತ್ತೀ” ಎಂದೆ.

“ಅಳಬ್ಯಾಡ, ಮಸಿ ಕಲಸಿ ಹೋಗ್ತೈತಿ. ತಗೊಂಡೀನಿ ಅಂತ ಸಹಿ ಮಾಡು. ಇನ್ನ ಅಡಿಗಿಮನಿ ನಿಂದ.”

ಸಹಿ ಮಾಡಿದೆ. ಬೀಗದಕೈ ನನ್ನ ಸೊಂಟದಲ್ಲೇ ಉಳಿಯಿತು. ಹನ್ನೊಂದು ವರ್ಷ ಕಾದ ಅಧಿಕಾರ! ಸೌಟು ಹಿಡಿದು ಒಲೆಯ ಮುಂದೆ ಗತ್ತಿನಿಂದ ನಿಂತೆ. ಅರ್ಧ ನಿಮಿಷ ನಿಂತಿರಬಹುದು. “ಅತ್ತೀ, ಇವತ್ತ ಏನು ಅಡಿಗಿ ಮಾಡ್ಲಿರಿ?” ಎಂದೆ. ಅವರು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಉಪ್ಪಿಗೊಮ್ಮೆ ಕೇಳಿದೆ, ಹುಳಿಗೊಮ್ಮೆ ಕೇಳಿದೆ. ಊಟವಾದ ಮೇಲೆ ಪಟ್ಟಿಯನ್ನು ಎತ್ತಿಡಲು ಹೋದಾಗ ಕಣ್ಣಿಗೆ ಬಿತ್ತು: ನೌಕರಿಯ ಅಭ್ಯಾಸದಿಂದ ಸಹಿಯ ಕೆಳಗೆ ಹುದ್ದೆಯನ್ನೂ ಬರೆದುಬಿಟ್ಟಿದ್ದೆ, ‘ಸೀನಿಯರ್ ಅಸಿಸ್ಟೆಂಟ್’ ಎಂದು. ಅತ್ತೆ ನೋಡುವ ಮೊದಲು ಪೆನ್ನು ತಂದು ‘ಸೀನಿಯರ್’ ಮೇಲೆ ಗೀಟು ಎಳೆದೆ.