ಸೂಲಗಿತ್ತಿಯ ಬ್ಯಾಡ್ಜು

ಆವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಸಡಿಲವಾದ ಕ್ಲಿಪ್ಪು.

ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಸೂಲಗಿತ್ತಿ ಎನ್ನುತ್ತಿದ್ದರು. ಮನುಷ್ಯರ ಆಕರ ಕೋಶಗಳನ್ನು, ಅಂದರೆ ಮುಂದೆ ರಕ್ತವೋ ಮೂಳೆಯೋ ನರವೋ ಆಗಬಲ್ಲ ಎಳೆಯ ಕೋಶಗಳನ್ನು, ತಟ್ಟೆಗಳಲ್ಲಿ ಸಾಕುವುದು ಅವನ ಕೆಲಸ. ಹನ್ನೆರಡು ವರ್ಷದಿಂದ ದಿನಾ ಬೆಳಿಗ್ಗೆ ಅವಕ್ಕೆ ಆಹಾರದ ದ್ರವ ಬದಲಿಸಿ, ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಲಗಿಸಿ, "ಏನ್ರಮ್ಮಾ, ನಿದ್ದೆ ಬಂತಾ?" ಎಂದು ವಿಚಾರಿಸುತ್ತಿದ್ದ. ಅಡ್ಡಹೆಸರನ್ನು ಯಾರೋ ಗೇಲಿಗೆ ಇಟ್ಟದ್ದು. ಅವನು ಅದನ್ನು ಬಿರುದಿನಂತೆ ಹೊತ್ತು ತಿರುಗುತ್ತಿದ್ದ.

ಈಚೆಗೆ ಆ ಬಿರುದಿಗೆ ಕೋಡು ಮೂಡಿತ್ತು. ವಿಕಿರಣ ತಗುಲಿದರೆ ಇಂಥ ಕೋಶಗಳು ಏನು ಮಾಡುತ್ತವೆ ಎಂದು ನೋಡುವುದೇ ಅಲ್ಲಿನ ಸಂಶೋಧನೆ. ಸಾಮಾನ್ಯವಾಗಿ ಅವು ಕಂಗಾಲಾಗುತ್ತವೆ. ಕೆಲವು ಬೆಳೆಯುವುದನ್ನೇ ನಿಲ್ಲಿಸಿ ಗಾಯ ರಿಪೇರಿಗೆ ಕೂರುತ್ತವೆ, ಕೆಲವು ಎಳೆತನ ಬಿಟ್ಟು ಅವಸರವಸರವಾಗಿ ದೊಡ್ಡವಾಗುತ್ತವೆ, ಉಳಿದವು ಸಾಯುತ್ತವೆ. ಆದರೆ ಆರು ವಾರದಿಂದ ಸೂಲಗಿತ್ತಿ ಸಾಕಿದವು ಮಾತ್ರ ಎಷ್ಟು ವಿಕಿರಣ ಕೊಟ್ಟರೂ ಹೊಟ್ಟೆ ತುಂಬಿದ ಕೂಸುಗಳಂತೆ ದುಂಡುದುಂಡಗೆ ಬೆಳೆಯುತ್ತಿದ್ದವು. ವಿಭಾಗದ ಮುಖ್ಯಸ್ಥೆ ಮೇಡಂ ಹಿಗ್ಗಿ ಹೀರೇಕಾಯಿಯಾಗಿ, ಲೇಖನದಲ್ಲಿ ಅವನ ಹೆಸರನ್ನೂ ಹಾಕುವುದಾಗಿ ಮಾತು ಕೊಟ್ಟಿದ್ದರು. ಆವತ್ತು ಸಂಜೆ ನಾಲ್ಕಕ್ಕೆ ಹೊರಗಿನ ತಜ್ಞರ ತಂಡವೊಂದು ನೋಡಲು ಬರುವುದಿತ್ತು.

"ಏನಪ್ಪಾ ಇದರ ಗುಟ್ಟು?" ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: "ಆರೈಕೆ ಕಣ್ರೀ, ಆರೈಕೆ."

ಬೆಳಿಗ್ಗೆ ಹತ್ತಕ್ಕೆ ತಟ್ಟೆಗಳನ್ನು ವಿಕಿರಣ ಯಂತ್ರದೊಳಗೆ ಜೋಡಿಸಿ, ಬಾಗಿಲು ಹಾಕಿ, ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಎರಡು ನಿಮಿಷ ಯಂತ್ರ ಗುಂಯ್‌ಗುಟ್ಟಿ ಸುಮ್ಮನಾಯಿತು. ಬಾಗಿಲು ತೆಗೆದರೆ ತಟ್ಟೆಗಳ ನಡುವೆ, ಮನೆಯವರ ಫೋಟೊದಲ್ಲಿ ಕರೆಯದೆ ಬಂದು ನಿಂತ ನೆಂಟನಂತೆ, ಅವನದೇ ಬ್ಯಾಡ್ಜು!

ಮೈಗೆ ಎಷ್ಟು ವಿಕಿರಣ ತಗುಲಿತೆಂದು ಅಳೆಯಲು ಅಲ್ಲಿನವರೆಲ್ಲ ಎದೆಗೆ ಸಿಕ್ಕಿಸಿಕೊಳ್ಳುವ, ಬೆಂಕಿಪೊಟ್ಟಣದ ಗಾತ್ರದ ಬ್ಯಾಡ್ಜು ಅದು. ಬಗ್ಗಿದಾಗ ಜಾರಿ ಬಿದ್ದಿತ್ತು. ಅದರಲ್ಲಿ ಅಂಕಿ ಮಿತಿ ಮೀರಿದರೆ ಮೂರು ತಿಂಗಳು ಪ್ರಯೋಗಾಲಯದೊಳಗೆ ಕಾಲಿಡುವಂತಿಲ್ಲ. ಅಷ್ಟರಲ್ಲಿ ಅವನ ಕೂಸುಗಳು ಬೇರೆಯವರ ಕೈ ಸೇರಿ, ಲೇಖನದಲ್ಲಿ ಬೇರೆಯವರ ಹೆಸರು ಕೂತಿರುತ್ತದೆ.

ಬ್ಯಾಡ್ಜು ಹೆಕ್ಕಿಕೊಂಡು ತಿರುಗಿದರೆ ಬಾಗಿಲಲ್ಲೇ ಸುರಕ್ಷತಾ ಅಧಿಕಾರಿ. ಸ್ವಂತ ಮನೆಯ ಕರೆಗಂಟೆಯನ್ನೂ ನಿಯಮದ ಪ್ರಕಾರವೇ ಒತ್ತುವ ಮನುಷ್ಯ.

"ಇವತ್ತು ಬ್ಯಾಡ್ಜು ಓದೋ ದಿನ. ಕೊಡಪ್ಪ."

"ಸಾರ್, ಇದು ಸ್ವಲ್ಪ..."

"ಸ್ವಲ್ಪ ಗಿಲ್ಪ ಏನಿದ್ರೂ ಬರೆದು ಕೊಡು," ಎಂದು ಅವನ ಕೈಯಿಂದ ಕಿತ್ತು ಡಬ್ಬಿಗೆ ಹಾಕಿಕೊಂಡು ಹೊರಟೇಬಿಟ್ಟರು.

ಸೂಲಗಿತ್ತಿಗೆ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. ಪಕ್ಕದ ಕೋಣೆಯಲ್ಲಿ ಸೂಕ್ಷ್ಮದರ್ಶಕ ನೋಡುವ ಅಕ್ಕನ ಹತ್ತಿರ ಹೋದ. "ಅಕ್ಕಾ, ಯಾರಿಗೂ ಹೇಳ್ಬೇಡಿ. ನನ್ನ ಬ್ಯಾಡ್ಜು ಮೆಷಿನ್ ಒಳಗೆ ಸಿಕ್ಕಾಕ್ಕೊಂಡಿತ್ತು."

"ಅಯ್ಯೋ, ನಾನ್ಯಾಕೆ ಹೇಳ್ಲಿ ತಮ್ಮಾ!"

ಮಾತು ಮೂರನೆಯ ಮಹಡಿಯಿಂದ ಎರಡನೆಯದಕ್ಕೆ ಇಳಿದಾಗ ಯಂತ್ರದಲ್ಲಿ ಸಿಕ್ಕಿಕೊಂಡಿದ್ದು ಅವನ ಕೈ. ಒಂದನೆಯದಕ್ಕೆ ಇಳಿದಾಗ ತಲೆ. ನೆಲಮಹಡಿಯ ಕ್ಯಾಂಟೀನು ಮುಟ್ಟುವಷ್ಟರಲ್ಲಿ ಇಡೀ ಸೂಲಗಿತ್ತಿಯೇ.

ಮಧ್ಯಾಹ್ನ ಅವನು ಊಟಕ್ಕೆ ಕೂತದ್ದೇ ತಡ, ಬೆಂಚಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಕೈ ತೊಳೆಯಲು ಎದ್ದರು. ಬಡಿಸುವವನು ತಟ್ಟೆಯನ್ನು ಮೇಜಿನ ಆ ತುದಿಯಲ್ಲಿಟ್ಟು ಉದ್ದನೆಯ ಸೌಟಿನಿಂದ ಇತ್ತ ತಳ್ಳಿದ. ಉಗ್ರಾಣದ ಯಜಮಾನರೊಬ್ಬರೇ ಧೈರ್ಯ ಮಾಡಿ ಹತ್ತಿರ ಬಂದು, ಅವನ ಕೂದಲನ್ನು ಹಿಡಿದು ಒಮ್ಮೆ ಜಗ್ಗಿದರು.

"ಅಯ್ಯಯ್ಯೋ!"

"ಸದ್ಯಕ್ಕೆ ಗಟ್ಟಿಯಾಗಿದೆ. ಉದುರೋಕೆ ಎರಡು ವಾರ ಆಗುತ್ತಂತೆ," ಎಂದು ಸಮಾಧಾನ ಹೇಳಿದರು.

ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ನೀವು ಮೆಷಿನ್ ಒಳಗೆ ಕೂತಿದ್ರಂತೆ? ಹೊರಗೆ ಕುರ್ಚಿ ಇರ್ಲಿಲ್ವಾ?"

"ನಾನಲ್ಲ ಕಣೇ, ಬ್ಯಾಡ್ಜು!"

"ಹೆಸರು ಏನಾದ್ರೂ ಇರ್ಲಿ. ಅತ್ತೆ ನಿಮ್ಮ ಹಾಸಿಗೆ ಹಾಲ್‌ಗೆ ಹಾಕಿದಾರೆ. ಮಗೂನ ಎತ್ಕೋಬೇಡಿ."

ಹೆತ್ತ ತಾಯಿಯೇ ಹಾಸಿಗೆ ಬೇರೆ ಮಾಡಿದ ಮೇಲೆ ಇನ್ನೇನಿದೆ? ಮೂರೂವರೆಗೆ, ಬಂದದ್ದು ಬರಲಿ ಎಂದು, ಸುರಕ್ಷತಾ ಅಧಿಕಾರಿಯ ಕೋಣೆಗೆ ಎದೆ ಸೆಟೆಸಿಕೊಂಡೇ ನುಗ್ಗಿದ. ಅವನು ಬಾಯಿ ತೆರೆಯುವ ಮೊದಲೇ ಅವರು ಕನ್ನಡಕ ಏರಿಸಿ ಹೇಳಿದರು: "ನಿಂದು ಸೊನ್ನೆ. ಭೇಷ್."

"ಸೊನ್ನೆನಾ ಸಾರ್?"

"ಗುಂಡು ಸೊನ್ನೆ."

ಅಧಿಕಾರಿಯ ಎರಡೂ ಕೈ ಹಿಡಿದು ಕುಲುಕಿ, ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾ ಹೊರಟವನು ನಡುವೆ ಗಕ್ಕನೆ ನಿಂತ. ಸೊನ್ನೆ ಹೇಗೆ? ಎರಡು ನಿಮಿಷ ಬ್ಯಾಡ್ಜು ಯಂತ್ರದೊಳಗೇ ಇತ್ತಲ್ಲ! ಬ್ಯಾಡ್ಜಿಗೆ ತಗುಲದ್ದು ಪಕ್ಕದ ತಟ್ಟೆಗೂ ತಗುಲಿಲ್ಲ. ಇವತ್ತು ತಗುಲಿಲ್ಲವೆಂದರೆ ನಿನ್ನೆ? ಮೊನ್ನೆ? ಅವನ ಕೂಸುಗಳು ವಿಕಿರಣವನ್ನು ಗೆದ್ದಿರಲಿಲ್ಲ. ಆರು ವಾರದಿಂದ ಅದರ ಮುಖವನ್ನೇ ನೋಡಿರಲಿಲ್ಲ.

ನಾಲ್ಕಕ್ಕೆ ತಜ್ಞರು ಬಂದರು. ಮೇಡಂ ಅವನನ್ನು ಮುಂದಕ್ಕೆ ತಳ್ಳಿದರು. ತಂಡದ ಹಿರಿಯರು ತಟ್ಟೆಯ ಮೇಲೆ ಬಗ್ಗಿ ಕೇಳಿದರು: "ಹೇಳಪ್ಪಾ, ಇವು ಯಾಕೆ ಸಾಯ್ಲಿಲ್ಲ?"

ಸೂಲಗಿತ್ತಿ ಮೇಡಂ ಮುಖ ನೋಡಿದ, ತಟ್ಟೆ ನೋಡಿದ. 'ಆರೈಕೆ' ಎಂಬ ಮಾತು ನಾಲಗೆಯ ತುದಿಯವರೆಗೂ ಬಂದಿತ್ತು. ನುಂಗಿಕೊಂಡ.

"ಅವಕ್ಕೆ ಏನೂ ತಗುಲೇ ಇಲ್ಲ ಸಾರ್. ಮೆಷಿನ್ ಕೆಟ್ಟಿದೆ."

ಹಿರಿಯರು ಕೂಡಲೇ ಯಂತ್ರ ಬಿಚ್ಚಿಸಿ ಎಂದರು. ಮೆಕ್ಯಾನಿಕ್ ಬಂದು ಯಂತ್ರದ ಹೊಟ್ಟೆ ಬಿಚ್ಚಿದ. ದೀಪ ಹತ್ತುತ್ತಿತ್ತು, ಸದ್ದೂ ಬರುತ್ತಿತ್ತು. ಆದರೆ ಕಿರಣ ಹೊರಬಿಡಲು ತೆರೆದುಕೊಳ್ಳಬೇಕಾದ ಸೀಸದ ಮುಚ್ಚಳ ಮಾತ್ರ ಅಂಟಿಕೊಂಡು ಕೂತಿತ್ತು. ಬಿಡಿಸಿ, ಎಣ್ಣೆ ಹಾಕಿ ಸರಿ ಮಾಡಿದ.

ಮೇಡಂ ಕುರ್ಚಿಯಲ್ಲಿ ಕುಸಿದಿದ್ದರು. ಹಿರಿಯರು ಮಾತ್ರ ಸೂಲಗಿತ್ತಿಯ ಬೆನ್ನು ತಟ್ಟಿದರು. "ಆರು ವಾರ ಹೋದ್ರೆ ಹೋಗ್ಲಿ, ಮಾನ ಉಳೀತು. ತಪ್ಪು ಲೇಖನ ಅಚ್ಚಾಗಿದ್ರೆ? ನಾಳೆಯಿಂದಲೇ ಹೊಸದಾಗಿ ಶುರು ಮಾಡಿ. ಈ ಸಲ ಇವನೇ ಮುಂದೆ ನಿಂತು ನಡೆಸ್ಲಿ."

"ಆಗ್ಲಿ ಸಾರ್," ಎಂದು ಮೇಡಂ ಕಣ್ಣೊರೆಸಿಕೊಂಡರು. "ಮೊದಲ ಹೆಸರೂ ಇವನದೇ."

ಸೂಲಗಿತ್ತಿಯ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು.

"ಮೆಷಿನ್ ನಿಜವಾಗ್ಲೂ ಸರಿ ಹೋಗಿದೆಯಾ, ಈಗಲೇ ನೋಡಿಬಿಡೋಣ," ಎಂದರು ಹಿರಿಯರು.

ಓದಿ ಮುಗಿದ ಬ್ಯಾಡ್ಜುಗಳನ್ನು ಹಿಂದಿರುಗಿಸಲು ಅದೇ ಹೊತ್ತಿಗೆ ಸುರಕ್ಷತಾ ಅಧಿಕಾರಿ ಬಂದಿದ್ದರು. ಕೈಗೆ ಸಿಕ್ಕಿದ ಒಂದನ್ನು ಯಂತ್ರದೊಳಗಿಟ್ಟು, ಎರಡು ನಿಮಿಷ ಕಾದು, ಹೊರತೆಗೆದು ತಮ್ಮ ಕೋಣೆಗೆ ಓಡಿದರು. ತಿರುಗಿ ಬಂದಾಗ ಅವರ ಮುಖದಲ್ಲಿ ಅಪರೂಪದ ನಗೆ.

"ಪಕ್ಕಾ ಸರಿಯಾಗಿದೆ! ಅಂಕಿ ಮುಗಿಲು ಮುಟ್ಟಿದೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಸೂಲಗಿತ್ತಿ. ಅವನ ಕೈ ಇನ್ನೂ ಕೆಳಗಿಳಿದಿರಲಿಲ್ಲ, ಅಧಿಕಾರಿ ಒಂದು ಕಾಗದವನ್ನು ಅದರೊಳಗೆ ತುರುಕಿದರು.

"ಇದೇನು ಸಾರ್?"

"ಮೂರು ತಿಂಗಳು ಪ್ರವೇಶ ನಿಷೇಧ. ಕೈಗೆ ಸಿಕ್ಕಿದ್ದು ನಿನ್ನ ಬ್ಯಾಡ್ಜು ಕಣಪ್ಪ. ಓದಿದ ತಕ್ಷಣ ಕಂಪ್ಯೂಟರ್ ನಿನ್ನ ಹೆಸರಲ್ಲಿ ಕೇಂದ್ರ ಕಚೇರಿಗೆ ಕಳಿಸಿಬಿಡ್ತು."

"ಸಾರ್, ನೀವೇ ಅಲ್ವಾ ಅದನ್ನ ಒಳಗಿಟ್ಟಿದ್ದು!"

"ಹೌದು, ಕಣ್ಣಾರೆ ನೋಡಿದೀನಿ," ಎಂದು ಅಧಿಕಾರಿ ಅವನ ಭುಜ ಹಿಡಿದು, ಮೆಲ್ಲಗೆ ಬಾಗಿಲ ಕಡೆ ತಿರುಗಿಸಿದರು. "ಆದ್ರೆ ಫಾರಮ್ಮಲ್ಲಿ ಅದಕ್ಕೆ ಕಾಲಂ ಇಲ್ವಲ್ಲಪ್ಪ. ಬಾ, ಹೊರಗೆ ನಿಂತ್ಕೊಂಡು ಸಹಿ ಮಾಡು."