ನಾನು ಒಮೆಗಾ ಸೇವಿಸಿದ ಬಗೆ

ಮೀನು ಮುಟ್ಟದ ನನ್ನ ದೇಹದಲ್ಲಿ ಒಮೆಗಾ ಎಂಬ ಕೊಬ್ಬಿನಾಮ್ಲಕ್ಕೆ ಬರ ಬಂದಿರಬಹುದೆಂದು ರಾಮನಗರದ ಡಾಕ್ಟರು ಹೇಳಿದಾಗ ನಾನು ಎದೆಗುಂದಲಿಲ್ಲ.

"ದಿನಾ ನಾಲ್ಕು ಅಕ್ರೋಟು ತಿನ್ನಿ ಮೇಷ್ಟ್ರೇ" ಎಂದರು.

ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಹಳಗನ್ನಡ ಅರೆದು ಕುಡಿಸಿದವನಿಗೆ ನಾಲ್ಕು ಕಾಯಿ ಯಾವ ಲೆಕ್ಕ! ಚಿಪ್ಪು ತೆಗೆದದ್ದು ಸೋಮಾರಿಗಳ ಆಹಾರವೆಂದು ತೀರ್ಮಾನಿಸಿ, ಚಿಪ್ಪು ಸಹಿತ ಒಂದು ಕೆಜಿ ಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದೆ.

ಜಗಲಿಯ ಮೊರದಲ್ಲಿ ಹರವಿದ್ದ ಅಕ್ರೋಟುಗಳನ್ನು ಪಕ್ಕದ ಮನೆಯ ಅಯೂಬ್ ಕಂಡ. ಅವನು ಲೇತು ಯಂತ್ರದಲ್ಲಿ ಮರ ಕಡೆದು ಬೊಂಬೆ ಮಾಡುವವನು.

"ಮೇಷ್ಟ್ರೇ, ಮಾದರಿಗೆ ಒಂದು ಕೊಡ್ರಿ. ಬೆಂಗಳೂರು ಪಾರ್ಟಿ ಮಕ್ಕಳಾಟಕ್ಕೆ ದಿನಸಿ ಅಂಗಡಿ ಸೆಟ್ ಕೇಳವ್ರೆ. ಅಕ್ರೋಟು ಒಪ್ಪಿಗೆ ಆಗ್ಬುಟ್ರೆ ಆರ್ಡರ್ ನಮ್ದೇ. ಎರಡು ತಿಂಗಳಿಂದ ಲೇತು ನಿಂತೈತೆ."

ಧಾರಾಳವಾಗಿ ಕೊಟ್ಟೆ.

ಮೂರನೆಯ ದಿನ ಬೆಳಿಗ್ಗೆ ನಾನು ಪೇಪರಿನಲ್ಲಿ ಮುಳುಗಿದ್ದಾಗ ನನ್ನ ಹೆಂಡತಿ ಜಯಮ್ಮ ಹೇಳಿದಳು: "ರೀ, ಅಯೂಬಣ್ಣ ಮರದ ಅಕ್ರೋಟು ಮಾಡ್ಕೊಂಬಂದು ನಿಮ್ ಮೊರದಲ್ಲೇ ಇಟ್ಟವ್ನೆ. ಗುರ್ತು ಸಿಕ್ತದಾ ನೋಡ್ಬೇಕಂತೆ. ಹನ್ನೊಂದಕ್ಕೆ ಪಾರ್ಟಿ ಬತ್ತದಂತೆ."

"ಹೂಂ" ಎಂದೆ. ನಮ್ಮ ದಾಂಪತ್ಯ ನಿಂತಿರುವುದೇ ಈ ಒಂದಕ್ಷರದ ಮೇಲೆ. ಒಂದು ಪದವೂ ಕಿವಿಗೆ ಬಿದ್ದಿರಲಿಲ್ಲ.

ಪೇಪರು ಮುಗಿಸಿ ಒಮೆಗಾ ಸೇವನೆಗೆ ಎದ್ದೆ. ಮೊರದಲ್ಲಿ ಎಲ್ಲಕ್ಕಿಂತ ದುಂಡಗೆ, ಲಕ್ಷಣವಾಗಿ ಹೊಳೆಯುತ್ತಿದ್ದುದನ್ನೇ ಆರಿಸಿದೆ. ಬಾಗಿಲ ಸಂದಿಗಿಟ್ಟು ಒತ್ತಿದೆ. ಕೀಲು ಕಿತ್ತು ಬಂತು. ಅಕ್ರೋಟು ಹಾಗೇ ಇತ್ತು.

"ಏನ್ರೀ ಸದ್ದು?" ಒಳಗಿನಿಂದ ಜಯಮ್ಮ.

"ಒಮೆಗಾ!" ಎಂದೆ.

ದವಡೆಗೆ ಕೊಟ್ಟೆ. 'ಕಟ್' ಎಂದಿತು. ಗೆದ್ದೆ! ಅಂಗೈಗೆ ಉಗುಳಿ ನೋಡಿದರೆ ತಿರುಳು ಬೆಳ್ಳಗಿತ್ತು. ಅದು ನನ್ನ ಹಲ್ಲಾಗಿತ್ತು.

ಈಗ ಪ್ರಶ್ನೆ ಆರೋಗ್ಯದ್ದಲ್ಲ, ಮರ್ಯಾದೆಯದ್ದು. ಒರಳಿನ ಗುಂಡುಕಲ್ಲನ್ನೇ ಎತ್ತಿ ಹಾಕಿದೆ. ಅಕ್ರೋಟು ಜಾರಿ, ಚಿಮ್ಮಿ, ಕಾಂಪೌಂಡು ಹಾರಿ ಅಯೂಬನ ಅಂಗಳದಲ್ಲಿ ಬಿತ್ತು. ಅಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬೆಂಗಳೂರು ಪಾರ್ಟಿ ಕುಳಿತಿತ್ತು.

"ಯಾ ಅಲ್ಲಾ, ನನ್ ಸ್ಯಾಂಪಲ್ಲು! ಇದ್ದಿದ್ದೇ ಒಂದು!" ಅಯೂಬ್ ಕೂಗಿದ.

ಆಗ ಎಲ್ಲವೂ ಅರ್ಥವಾಯಿತು. ಬಾಯಿಗೆ ಟವೆಲು ಒತ್ತಿಕೊಂಡು ಓಡಿದೆ.

ಆ ಮನುಷ್ಯ ಅಕ್ರೋಟನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದೇನ್ರೀ, ಇಲಿ ಕಡಿದಿದೆಯಾ?"

"ಇಲ್ಲ ಸಾರ್," ಅಯೂಬನ ದನಿ ಇಳಿದಿತ್ತು. "ನಮ್ ಮೇಷ್ಟ್ರು."

ಅಯೂಬನ ಮುಖ ನೋಡಿದೆ. ಹಲ್ಲಿನ ನೋವು ಮರೆತುಹೋಯಿತು. ನಿಂತ ಲೇತನ್ನು ಶಾಶ್ವತವಾಗಿ ನಿಲ್ಲಿಸಿದ ಕೀರ್ತಿ ನನ್ನದಾಗುವುದರಲ್ಲಿತ್ತು.

"ನಿಜವಾದ ಅಕ್ರೋಟು ಅಂದ್ಕೊಂಡ್ರಾ?" ಬೆಂಗಳೂರಿನವನು ನನ್ನತ್ತ ತಿರುಗಿ ಕೇಳಿದ.

ತಲೆಯಾಡಿಸಿದೆ.

"ಇಷ್ಟು ಓದಿದೋರೇ ಮೋಸ ಹೋಗಿದಾರೆ! ಬಣ್ಣಾನೂ ಎದ್ದಿಲ್ಲ. ಆರ್ಡರ್ ನಿಮ್ದೇ ಅಯೂಬ್. ಆದ್ರೆ ಡಬ್ಬದ ಮೇಲೆ ಒಂದು ಎಚ್ಚರಿಕೆ ಬರೆಸ್ಬಿಡಿ."

ಅಯೂಬ್ ನನ್ನನ್ನು ತಬ್ಬಿಕೊಂಡ. "ನಮ್ ಮೇಷ್ಟ್ರೇ ಬರ್ಕೊಡ್ತಾರೆ ಸಾರ್! ಕನ್ನಡ ಪಂಡಿತ್ರು!"

ಪಾಂಡಿತ್ಯಕ್ಕೆ ಕರೆ ಬಂದಾಗ ಹಿಂಜರಿಯಬಾರದು. ಪೆನ್ನು ತೆರೆದು, ಗಂಭೀರವಾಗಿ ಕೇಳಿದೆ: "ಎಷ್ಟು ವರ್ಷದೊಳಗಿನವರು ಬಾಯಿಗೆ ಹಾಕಬಾರದು ಎಂದು ಬರೆಯಲಿ?"

ಕಾಂಪೌಂಡಿನ ಆಚೆಯಿಂದ ಜಯಮ್ಮ ಕೂಗಿದಳು: "ಅರವತ್ತಮೂರು ಅಂತ ಬರೀರಿ!"

ನನಗೀಗ ಅರವತ್ತೆರಡು. ಆ ವಾಕ್ಯದಲ್ಲಿ ವ್ಯಾಕರಣದೋಷ ಹುಡುಕಿದೆ. ಒಂದೂ ಸಿಗಲಿಲ್ಲ!