ಗುಂಯ್ ಎನ್ನುವ ಗಿಟಾರ್

ರಿಪೇರಿರಾಯರ ಮಗಳ ಎಲೆಕ್ಟ್ರಿಕ್ ಗಿಟಾರ್ ಬೆಳಿಗ್ಗೆಯಿಂದ ಗುಂಯ್ ಎನ್ನತೊಡಗಿತ್ತು. ಸಂಜೆ ಐದಕ್ಕೆ ಸಭಾಭವನದಲ್ಲಿ ಅವಳ ಮೊದಲ ಕಾರ್ಯಕ್ರಮ. ರಾಯರು ಬೀದಿಗೆಲ್ಲ ಡಂಗುರ ಹೊಡೆದು, ಮುಂದಿನ ಸಾಲಿನಲ್ಲಿ ಹನ್ನೆರಡು ಕುರ್ಚಿ ಹಿಡಿದಿಟ್ಟಿದ್ದರು. ಮಗಳು ವೇದಿಕೆ ಮೇಲೆ ಝಗಝಗ ಹೊಳೆಯುವುದನ್ನು ಎಲ್ಲರೂ ಕಣ್ತುಂಬ ನೋಡಬೇಕು, ಅಷ್ಟೇ ಅವರ ಆಸೆ.

"ಅಪ್ಪಾ, ಬೇರೆ ಯಾರಿಗಾದ್ರೂ ತೋರಿಸೋಣ್ವಾ?"

"ಇಪ್ಪತ್ತು ವರ್ಷದಿಂದ ರೇಡಿಯೋ, ಫ್ಯಾನು ಅಂತ ಕೆಟ್ಟಿದ್ದನ್ನೆಲ್ಲ ಸರಿ ಮಾಡಿದೋನು ನಾನು. ಇನ್ಯಾರಿಗೆ ತೋರಿಸ್ತೀಯ?"

ರಾಯರ ಜಂಬಕ್ಕೆ ಕಾರಣವೂ ಇತ್ತು. ಪಡಸಾಲೆಯ ದೀಪಕ್ಕೆ ತಾವೇ ಮಾಡಿ ಕೂರಿಸಿದ ತಿರುಗಣೆ. ತಿರುವಿದರೆ ಬೆಳಕು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ಅದನ್ನು ತಿರುವಿ ತೋರಿಸುತ್ತಿದ್ದರು. ಸಭಾಭವನದ ಕಾರ್ಯದರ್ಶಿಯಾದ ಕೆಳಮನೆ ಮೇಷ್ಟ್ರಂತೂ ಮೂಗಿನ ಮೇಲೆ ಬೆರಳಿಟ್ಟು, ಮಾಡುವ ಬಗೆಯನ್ನು ಚೀಟಿಯಲ್ಲಿ ಬರೆಸಿಕೊಂಡು ಹೋಗಿದ್ದರು.

ರಾಯರು ಕೇಬಲ್ ಬದಲಿಸಿದರು. ಗಿಟಾರಿನ ಹೊಟ್ಟೆ ಬಿಚ್ಚಿ ಅರ್ಥ್ ತಂತಿಗೆ ಹೊಸದಾಗಿ ಬೆಸುಗೆ ಹಾಕಿದರು. ಗಿಟಾರ್ ಮಾತ್ರ ಸೀಸೆಯಲ್ಲಿ ಸಿಕ್ಕ ದುಂಬಿಯ ಹಾಗೆ ಗುಂಯ್‌ಗುಡುತ್ತಲೇ ಇತ್ತು. ಅಷ್ಟರಲ್ಲಿ ಅದೇ ಕಟ್ಟಡದ ನೆರೆಯವರು ಬಂದು ಸೇರಿದರು.

"ನನ್ ಹೊಲಿಗೆ ಮಿಷನ್ನೂ ಹೀಗೇ ಮಾಡ್ತಿತ್ತು. ಒಂದ್ ತೊಟ್ಟು ಎಣ್ಣೆ ಬಿಡಿ," ಎಂದ ಎದುರುಮನೆ ದರ್ಜಿ.

"ಗಿಟಾರಿಗೆ ಏನೂ ಆಗಿಲ್ರೀ!" ರಾಯರು ಗುಡುಗಿದರು. "ನಿಮ್ಮನೆ ಸಾಮಾನುಗಳ ಗಲಾಟೆ ಇದರೊಳಗೆ ಬರ್ತಿದೆ. ಎಲ್ಲ ಮನೆ ಮೇನ್ ಆರಿಸಿ!"

ಇಡೀ ಕಟ್ಟಡ ಕರೆಂಟಿಲ್ಲದೆ ಕೂತಿತು. ಸೆಲ್ಲಿನಲ್ಲಿ ನಡೆಯುವ ಪುಟ್ಟ ಸ್ಪೀಕರಿಗೆ ಗಿಟಾರ್ ಸಿಕ್ಕಿಸಿದರೆ, ಸದ್ದೇ ಇಲ್ಲ! ರಾಯರ ಎದೆ ಉಬ್ಬಿತು. ಒಂದೊಂದೇ ಮನೆಯ ಕರೆಂಟು ಹಾಕಿಸಿದರು. ದರ್ಜಿಯ ಮಿಷನ್ನು ನಿರಪರಾಧಿ. ಮೇಷ್ಟ್ರ ಫ್ರಿಜ್ಜೂ ನಿರಪರಾಧಿ. ಕೊನೆಗೆ ತಮ್ಮ ಮನೆಯದನ್ನು ಹಾಕಿದರು.

ಗುಂಯ್!

ರಾಯರ ಕಣ್ಣು ಮೆಲ್ಲಗೆ, ಸಡಗರದ ದಿನವೆಂದು ಬೆಳಿಗ್ಗೆಯೇ ಹಚ್ಚಿಟ್ಟಿದ್ದ ಪಡಸಾಲೆ ದೀಪದ ತಿರುಗಣೆಯತ್ತ ಹೋಯಿತು. ಯಾರೂ ನೋಡದ ಹಾಗೆ ಗೋಡೆಗೆ ಬೆನ್ನು ಒರಗಿಸಿ, ಹಿಂದಿನಿಂದಲೇ ಕೈ ಚಾಚಿ ಆ ದೀಪ ಆರಿಸಿದರು. ಸದ್ದು ಗಪ್‌ಚುಪ್.

"ಆಯ್ತು! ಕಾಯಿಲೆ ಬಿಟ್ಟೋಯ್ತು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳೊಬ್ಬಳೇ ತುಟಿ ಕಚ್ಚಿ ನಗು ತಡೆದುಕೊಂಡಳು.

ಸಂಜೆ ವೇದಿಕೆ ಬೆಳಕಿನಲ್ಲಿ ಮಿಂದಿತ್ತು. ಮಗಳು ಗಿಟಾರ್ ಸಿಕ್ಕಿಸಿದಳು. ಸಭಾಭವನವಿಡೀ ಗುಂಯ್ ಎಂದಿತು. ಮೇಷ್ಟ್ರು ಹಲ್ಲು ಕಿರಿಯುತ್ತಾ ಓಡಿಬಂದರು.

"ದೀಪ ನೋಡಿದ್ರಾ ರಾಯರೇ? ನಿಮ್ಮ ಚೀಟಿ ಪ್ರಕಾರ ವೇದಿಕೆಯ ಅಷ್ಟೂ ದೀಪಕ್ಕೆ ತಿರುಗಣೆ ಹಾಕಿಸಿದೀನಿ. ನಿಮಗೆ ಖುಷಿಯಾಗ್ಲಿ ಅಂತ ಗುಟ್ಟಾಗಿಟ್ಟಿದ್ದೆ!"

ರಾಯರು ಮೇಷ್ಟ್ರ ಕಿವಿಯ ಹತ್ತಿರ ಬಾಗಿದರು. "ಆರಿಸಿ ಮೇಷ್ಟ್ರೇ. ಎಲ್ಲಾ ಆರಿಸಿ."

ಕಗ್ಗತ್ತಲಾಯಿತು. ಗುಂಯ್ ನಿಂತಿತು. ಆ ಕತ್ತಲಿನಿಂದ ಮಗಳ ಗಿಟಾರ್ ಎಷ್ಟು ತಿಳಿಯಾಗಿ ಹಾಡಿತೆಂದರೆ ಕೆಮ್ಮುವವರೂ ಕೆಮ್ಮಲಿಲ್ಲ. ರಾಯರ ಕಣ್ಣು ತುಂಬಿ ಬಂತು. ಹೆಮ್ಮೆ ತಡೆಯಲಾರದೆ ಪಕ್ಕದ ದರ್ಜಿಯನ್ನು ತಿವಿದರು.

"ನೋಡಯ್ಯಾ, ನನ್ ಮಗಳು!"

"ಇರಬಹುದು ರಾಯರೇ," ಎಂದ ದರ್ಜಿ, "ನೀವು ಹೇಳಿದ್ರೆ ನಂಬ್ತೀನಿ."